ಸಣ್ಣ ಸಿನಿಮಾ: ಕೂಲಿ ಬಾಯಿಮಾತಲ್ಲಿ, ಕಾಗದ ಎಲ್ಲಿ?

ಮೇಲುಕೋಟೆಯ ಕಲ್ಯಾಣಿ, ಶ್ರೀರಂಗಪಟ್ಟಣದ ಹೊಳೆದಂಡೆ, ಮಹದೇವಪುರದ ತೋಪು, ಕೆಆರ್‌ಎಸ್ ಹಿನ್ನೀರು. ಮಂಡ್ಯ ಜಿಲ್ಲೆಯಲ್ಲಿ ಸಿನಿಮಾದವರು ಕಾಲಿಡದ ಒಳ್ಳೆಯ ಜಾಗ ಇಲ್ಲವೇ ಇಲ್ಲ ಎನ್ನಬಹುದು. ಶೂಟಿಂಗ್ ಬಂತೆಂದರೆ ಬಸ್ಸಿನ ಕಿಟಕಿಯಿಂದ ತಲೆಗಳು ಹೊರಗೆ ಬರುತ್ತವೆ. ಟೀ ಅಂಗಡಿಯಲ್ಲಿ ಹಾಲು ಎರಡು ಕ್ಯಾನ್ ಜಾಸ್ತಿ ಬೇಕಾಗುತ್ತದೆ. ಲಾಡ್ಜಿನ ರೂಮುಗಳು ಭರ್ತಿಯಾಗುತ್ತವೆ. ಊರಿನ ನಾಲ್ಕು ಹುಡುಗರಿಗೆ ಹತ್ತು ದಿನದ ಕೆಲಸ ಸಿಗುತ್ತದೆ. ಇದೆಲ್ಲ ಒಳ್ಳೆಯದೇ.

ಆದರೆ ಎಲ್ಲ ಶೂಟಿಂಗೂ ಒಂದೇ ಅಲ್ಲ. ದೊಡ್ಡ ಹೀರೋ, ಕ್ಯಾರವಾನ್, ಬೌನ್ಸರ್ ಇರುವ ಸಿನಿಮಾ ಒಂದು ಜಾತಿ. ಮೂವತ್ತು ನಲವತ್ತು ಜನ, ಎರಡು ಟೆಂಪೋ, ಒಂದು ಜನರೇಟರು ಇಟ್ಟುಕೊಂಡು ಬರುವ ಸಿನಿಮಾ ಇನ್ನೊಂದು ಜಾತಿ. ಹೆಸರೇ ಕೇಳದ ನಿರ್ಮಾಪಕ, ಮೊದಲ ಸಲದ ನಿರ್ದೇಶಕ, ಹೊಸ ಮುಖಗಳು. ಕನ್ನಡದಲ್ಲಿ ವರ್ಷ ವರ್ಷ ಬರುವ ಚಿತ್ರಗಳಲ್ಲಿ ಹೆಚ್ಚಿನವು ಈ ಎರಡನೆಯ ಜಾತಿಯವೇ. ತಕರಾರು ಹೆಚ್ಚು ಹುಟ್ಟುವುದೂ ಇಲ್ಲಿಯೇ. "ಪ್ಯಾಕಪ್ ಆದ ಮೇಲೆ ಕೊಡ್ತೀವಿ", "ಡಬ್ಬಿಂಗ್ ಟೈಮಲ್ಲಿ ಸೆಟ್ಲ್ ಮಾಡೋಣ", "ರಿಲೀಸ್ ಆಗ್ಲಿ ಗುರು, ನಿನ್ನ ಮರೀತೀವಾ". ಈ ಮಾತುಗಳನ್ನು ಕೇಳದ ಲೈಟ್ ಹುಡುಗನಿಲ್ಲ.

ಈ ಮಾತನ್ನು ಈಗ ಎತ್ತಲು ಕಾರಣ ಉಂಟು. 2025ರ ನವೆಂಬರ್ 21ರಂದು ಕೇಂದ್ರ ಸರ್ಕಾರ ನಾಲ್ಕು ಕಾರ್ಮಿಕ ಸಂಹಿತೆಗಳನ್ನು ಜಾರಿಗೆ ತಂದಿತು. ಕಾರ್ಖಾನೆ, ಗಣಿ, ತೋಟ ಎಂದು ಪತ್ರಿಕೆಗಳು ಪುಟಗಟ್ಟಲೆ ಬರೆದವು. ಅದೇ ಸಂಹಿತೆಗಳ ಒಂದು ಮೂಲೆಯಲ್ಲಿ ಸಿನಿಮಾ, ಸೀರಿಯಲ್, ವೆಬ್ ಸರಣಿಯಲ್ಲಿ ದುಡಿಯುವವರ ಮಾತೂ ಇದೆ. ಅದರ ಸಾರ ಇಷ್ಟು: ಕಾಗದದ ಮೇಲೆ ಕರಾರು ಆಗದೆ, ಆ ಕರಾರು ಅಧಿಕಾರಿಯ ಬಳಿ ನೋಂದಣಿ ಆಗದೆ, ಯಾರನ್ನೂ ಕೆಲಸಕ್ಕೆ ಹಚ್ಚುವಂತಿಲ್ಲ. ಈ ಸುದ್ದಿ ಬೆಂಗಳೂರಿನ ಗಾಂಧಿನಗರ ದಾಟಿ ಮದ್ದೂರಿನವರೆಗೆ ಬಂದಂತೆ ಕಾಣುವುದಿಲ್ಲ.

ರೇಟು ಯಾರು ಕಟ್ಟುತ್ತಾರೆ?

ತೆರೆಯ ಮೇಲೆ ಹೀರೋ ಒಬ್ಬನೇ ಕಂಡರೂ ಹಿಂದೆ ದುಡಿಯುವವರು ಹಲವರು. ಕ್ಯಾಮೆರಾ ಸಹಾಯಕರು, ಲೈಟ್‌ನವರು, ಮೇಕಪ್‌ನವರು, ಬಟ್ಟೆ ನೋಡಿಕೊಳ್ಳುವವರು, ಸೆಟ್ ಕಟ್ಟುವ ಬಡಗಿಗಳು, ಊಟ ಬಡಿಸುವ ಪ್ರೊಡಕ್ಷನ್ ಹುಡುಗರು, ಡ್ರೈವರುಗಳು, ಫೈಟರುಗಳು, ಗುಂಪಿನಲ್ಲಿ ನಿಲ್ಲುವ ಜೂನಿಯರ್ ಆರ್ಟಿಸ್ಟುಗಳು. ಇವರ ಪೈಕಿ ಒಂದೊಂದು ಕಸುಬಿಗೆ ಬೆಂಗಳೂರಿನಲ್ಲಿ ಸಂಘಗಳಿವೆ. ಸಂಘಗಳ ಮೇಲೆ ಕಾರ್ಮಿಕರು, ಕಲಾವಿದರು, ತಂತ್ರಜ್ಞರದೆಂದು ಒಂದು ಒಕ್ಕೂಟವಿದೆ. ಎದುರು ಕಡೆ 1944ರಲ್ಲಿ ಹುಟ್ಟಿದ ವಾಣಿಜ್ಯ ಮಂಡಳಿ ಮತ್ತು ನಿರ್ಮಾಪಕರ ಸಂಘ. ಚೆನ್ನೈ, ಹೈದರಾಬಾದು, ಮುಂಬಯಿಯಲ್ಲೂ ಏರ್ಪಾಡು ಹೆಚ್ಚುಕಡಿಮೆ ಹೀಗೆಯೇ.

ಎರಡು ಕಡೆಯವರೂ ಕೂತು ದಿನಗೂಲಿ ನಿಗದಿ ಮಾಡುತ್ತಾರೆ. ಇಷ್ಟು ಗಂಟೆಗೆ ಒಂದು ಕಾಲ್‌ಶೀಟು, ಅದಕ್ಕೆ ಇಷ್ಟು ಹಣ. ಹೊತ್ತು ಮೀರಿದರೆ ಇಷ್ಟು. ರಾತ್ರಿಯಾದರೆ ಇಷ್ಟು. ಹೊರ ಊರಾದರೆ ಬಾಟಾ, ಊಟ, ರೂಮು, ಬಸ್ ಚಾರ್ಜು ಬೇರೆ. ಕೆಲವು ವರ್ಷಕ್ಕೊಮ್ಮೆ ದರ ಪರಿಷ್ಕರಣೆ ಆಗಬೇಕು. ಆಗದಿದ್ದರೆ ಮುಷ್ಕರ.

ನೆರೆಯ ತೆಲುಗು ಚಿತ್ರರಂಗದಲ್ಲಿ ಆದದ್ದೂ ಇದೇ. 2025ರ ಆಗಸ್ಟಿನಲ್ಲಿ ಕಾರ್ಮಿಕರು ನೂರಕ್ಕೆ 30ರಷ್ಟು ಕೂಲಿ ಏರಿಕೆ ಕೇಳಿ 18 ದಿನ ಕೆಲಸ ನಿಲ್ಲಿಸಿದರು. ಕೊನೆಗೆ ಕಡಿಮೆ ದಿನಗೂಲಿಯವರಿಗೆ ಮೂರು ವರ್ಷದಲ್ಲಿ ಒಟ್ಟು ನೂರಕ್ಕೆ 22.5ರ ಏರಿಕೆಗೆ ರಾಜಿಯಾಯಿತು. ದೊಡ್ಡ ನಿರ್ಮಾಪಕನಿಗೆ ಈ ಏರಿಕೆ ಹೀರೋನ ಸಂಭಾವನೆಯ ಮುಂದೆ ಚಿಲ್ಲರೆ ಕಾಸು. ಸಣ್ಣ ನಿರ್ಮಾಪಕನಿಗೆ ಹಾಗಲ್ಲ. ಅವನ ಖರ್ಚಿನಲ್ಲಿ ಕೂಲಿಯದೇ ದೊಡ್ಡ ಪಾಲು.

ಸಣ್ಣವನ ಕಷ್ಟವೂ ಸುಳ್ಳಲ್ಲ

ಸಣ್ಣ ನಿರ್ಮಾಪಕನನ್ನು ಖಳನಾಯಕ ಮಾಡುವುದು ಸುಲಭ. ಅದು ನ್ಯಾಯವಲ್ಲ. ಕನ್ನಡಕ್ಕೆ ಹೊರಗೆ ಹೆಸರು ತಂದ ಚಿತ್ರಗಳು ಬಹಳಷ್ಟು ಸಣ್ಣ ಕಾಸಿನವೇ. 1970ರ 'ಸಂಸ್ಕಾರ', 1975ರ 'ಚೋಮನ ದುಡಿ', 1977ರ 'ಘಟಶ್ರಾದ್ಧ' ಇವೆಲ್ಲ ಕೋಟಿ ಸುರಿದು ಮಾಡಿದವಲ್ಲ. 2013ರ 'ಲೂಸಿಯಾ' ಚಿತ್ರಕ್ಕೆ ಜನರೇ ಚಂದಾ ಹಾಕಿ ಬಂಡವಾಳ ಕೊಟ್ಟರು. ಮಂಡ್ಯ ಜಿಲ್ಲೆಯದೇ ಮಾತಾಡುವುದಾದರೆ 'ತಿಥಿ' ಇದೆ. ನೊದೆಕೊಪ್ಪಲಿನ ಸುತ್ತಮುತ್ತ, ಕ್ಯಾಮೆರಾ ಮುಂದೆ ಎಂದೂ ನಿಲ್ಲದ ಹಳ್ಳಿ ಜನರನ್ನೇ ಹಾಕಿಕೊಂಡು ತೆಗೆದ ಚಿತ್ರ. 2015ರಲ್ಲಿ ಸ್ವಿಟ್ಜರ್ಲೆಂಡಿನ ಲೊಕಾರ್ನೊ ಉತ್ಸವದಲ್ಲಿ ಎರಡು ಪ್ರಶಸ್ತಿ ಹೊಡೆದುಕೊಂಡು ಬಂತು.

ಇಂಥ ಚಿತ್ರಕ್ಕೆ ದೊಡ್ಡ ಚಿತ್ರದ ರೇಟು, ದೊಡ್ಡ ಚಿತ್ರದಷ್ಟೇ ಜನ ಇರಲೇಬೇಕೆಂದರೆ ಚಿತ್ರವೇ ಆಗುವುದಿಲ್ಲ. ಹತ್ತು ಜನ ಸಾಕಾಗುವ ಕಡೆ ಮೂವತ್ತು ಜನರನ್ನು ಕೂರಿಸಿ ಕೂಲಿ ಕೊಡಲು ಆಗುವುದಿಲ್ಲ. ಮನೆ ಮೇಲೆ ಸಾಲ ತೆಗೆದು, ಥಿಯೇಟರು ಸಿಗದೆ, ಸಬ್ಸಿಡಿಗೆ ಕಾದು ಕೂರುವ ನಿರ್ಮಾಪಕರು ಬೇಕಾದಷ್ಟಿದ್ದಾರೆ. ಆದ್ದರಿಂದ ಸಣ್ಣ ಚಿತ್ರಕ್ಕೆ ರಿಯಾಯಿತಿ ಬೇಕೇ ಬೇಕು. ಪ್ರಶ್ನೆ ಇರುವುದು ಆ ರಿಯಾಯಿತಿಯನ್ನು ಯಾವುದರಲ್ಲಿ ಕೊಡಬೇಕು, ಹೇಗೆ ಕೊಡಬೇಕು ಎಂಬುದರಲ್ಲಿ.

ತಕ್ಕಡಿ ಹಿಡಿದು ನೋಡಿ

ಅಂಗಡಿಯವರಿಗೆ ಅರ್ಥವಾಗುವ ಒಂದು ಲೆಕ್ಕ ಹಾಕೋಣ. ಅಂಕಿಗಳು ಉದಾಹರಣೆಗೆ ಮಾತ್ರ. ಒಂದು ಸಣ್ಣ ಚಿತ್ರಕ್ಕೆ 40 ಜನ, ತಲೆಗೆ ದಿನಕ್ಕೆ 1,500 ರೂಪಾಯಿ, ದಿನಕ್ಕೆ 12 ಗಂಟೆ, 25 ದಿನದ ಕೆಲಸ ಎಂದಿಟ್ಟುಕೊಳ್ಳಿ. ದಿನದ ಕೂಲಿ 60,000. ಒಟ್ಟು 15 ಲಕ್ಷ. ಒಬ್ಬೊಬ್ಬನ ಕೈಗೆ 37,500. ಒಬ್ಬೊಬ್ಬನ ದುಡಿಮೆ 300 ಗಂಟೆ.

ನಿರ್ಮಾಪಕನಿಗೆ ಮೂರು ಲಕ್ಷ ಉಳಿಸಲೇಬೇಕಾಗಿದೆ. ಅದಕ್ಕೆ ಎರಡು ದಾರಿ.

ಮೊದಲನೆಯದು ನೇರ ದಾರಿ. "ನಮ್ಮದು ಸಣ್ಣ ಚಿತ್ರ, 1,500 ಆಗಲ್ಲ, 1,200 ಕೊಡ್ತೀವಿ" ಎಂದು ಮೊದಲೇ ಹೇಳಿ ಬರೆದುಕೊಡುವುದು. ಒಟ್ಟು 12 ಲಕ್ಷ ಆಗುತ್ತದೆ. ಕೆಲಸಗಾರನ ಕೈಗೆ 30,000.

ಎರಡನೆಯದು ಅಡ್ಡದಾರಿ. ಕೂಲಿ 1,500 ಎಂದೇ ಹೇಳುವುದು. ದಿನಕ್ಕೆ 12ರ ಬದಲು 16 ಗಂಟೆ ದುಡಿಸುವುದು. ಹೆಚ್ಚಿನ ಗಂಟೆಯ ಲೆಕ್ಕ ಎತ್ತುವಂತಿಲ್ಲ. ಆಗ 25 ದಿನದ ಕೆಲಸ 19 ದಿನದಲ್ಲಿ ಮುಗಿಯುತ್ತದೆ. ಒಟ್ಟು ಕೂಲಿ 11 ಲಕ್ಷ 40 ಸಾವಿರ. ಕೆಲಸಗಾರನ ಕೈಗೆ 28,500. ದುಡಿದದ್ದು ಮಾತ್ರ ಅದೇ 300 ಗಂಟೆ, ನಾಲ್ಕು ಗಂಟೆ ಜಾಸ್ತಿಯೇ.

ನೋಡಿದಿರಾ? ಬಾಯಲ್ಲಿ 'ಪೂರಾ ಕೂಲಿ' ಎಂದವನು ಕೊಟ್ಟದ್ದು, 'ಕಡಿಮೆ ಕೂಲಿ' ಎಂದು ಒಪ್ಪಿಕೊಂಡವನು ಕೊಟ್ಟದ್ದಕ್ಕಿಂತ 1,500 ರೂಪಾಯಿ ಕಮ್ಮಿ. ಜತೆಗೆ 19 ದಿನ ನಿದ್ದೆಗೇಡು. ರಾತ್ರಿ ಹನ್ನೊಂದಕ್ಕೆ ಪ್ಯಾಕಪ್ ಮಾಡಿ ಬೆಳಿಗ್ಗೆ ಆರಕ್ಕೆ ಟೆಂಪೋ ಹತ್ತಿಸಿದರೆ, ಆ ಟೆಂಪೋ ಡ್ರೈವರು ಮೈಸೂರು ರಸ್ತೆಯಲ್ಲಿ ಬಸ್ಸಿನ ಎದುರಿಗೇ ಬರುವುದು. ಅಲ್ಲಿಗೆ ಇದು ಬಸ್ಸಿನಲ್ಲಿ ಕೂತವರ ವಿಷಯವೂ ಆಯಿತು.

ಕರಾರಿನಲ್ಲಿ ದಿನಗೂಲಿಯ ಅಂಕಿ ಇದ್ದ ಮಾತ್ರಕ್ಕೆ ಸಾಲದು, ಗಂಟೆಯ ಅಂಕಿಯೂ ಇರಬೇಕು ಎನ್ನುವುದು ಇದಕ್ಕೇ. ತೂಕ ಹೇಳದೆ ಬೆಲೆ ಹೇಳುವ ವ್ಯಾಪಾರಿಯನ್ನು ಯಾವ ಗಿರಾಕಿ ನಂಬುತ್ತಾನೆ?

ಕಾನೂನು ಹೊಸದೇನಲ್ಲ

ಸಿನಿಮಾ ಕೆಲಸಗಾರನಿಗೆ ಬರಹದ ಕರಾರು ಬೇಕೆಂಬುದು 2025ರಲ್ಲಿ ಹುಟ್ಟಿದ ಮಾತಲ್ಲ. ಸಿನಿಮಾ ಕೆಲಸಗಾರರು ಮತ್ತು ಚಿತ್ರಮಂದಿರ ಕೆಲಸಗಾರರ ಕಾಯಿದೆಯನ್ನು ಸಂಸತ್ತು 1981ರಲ್ಲೇ ಪಾಸು ಮಾಡಿತ್ತು. ನಟ, ವಾದ್ಯಗಾರ, ನೃತ್ಯಗಾರರಿಂದ ಹಿಡಿದು ಕುಶಲವಲ್ಲದ ಮೈಗೆಲಸ ಮಾಡುವವನವರೆಗೆ ಎಲ್ಲರೂ ಅದರ ಲೆಕ್ಕದಲ್ಲಿ ಸಿನಿಮಾ ಕೆಲಸಗಾರರು. ಲಿಖಿತ ಕರಾರು ಇಲ್ಲದೆ ಕಥಾಚಿತ್ರದ ಕೆಲಸಕ್ಕೆ ತೆಗೆದುಕೊಳ್ಳುವುದು ತಪ್ಪು ಎಂದು ಆ ಕಾಯಿದೆ ಸಾರಿ ಹೇಳಿತ್ತು.

ಅದರಲ್ಲಿ ಒಂದು ಬಲವಾದ ಷರತ್ತಿತ್ತು. ಕೆಲಸಗಾರನನ್ನು ಕಂಟ್ರಾಕ್ಟರ್ ಮೂಲಕ ಕರೆಸಿದ್ದು, ಆ ಕಂಟ್ರಾಕ್ಟರ್ ಕೈಕೊಟ್ಟರೆ, ಕೂಲಿ ಕೊಡುವ ಹೊಣೆ ನಿರ್ಮಾಪಕನ ಮೇಲೆ ಬೀಳುತ್ತಿತ್ತು. ನಿರ್ಮಾಪಕ ಆಮೇಲೆ ಕಂಟ್ರಾಕ್ಟರನಿಂದ ವಸೂಲು ಮಾಡಿಕೊಳ್ಳಲಿ, ಅದು ಅವರಿಬ್ಬರ ಗೊಡವೆ. ಜೂನಿಯರ್ ಆರ್ಟಿಸ್ಟುಗಳನ್ನು ಲಾರಿಯಲ್ಲಿ ತುಂಬಿಕೊಂಡು ಬಂದ ಏಜೆಂಟು ಸಂಜೆಗೆ ಕಾಣೆಯಾದರೆ ಯಾರನ್ನು ಹಿಡಿಯಬೇಕೆಂಬ ಪ್ರಶ್ನೆಗೆ 1981ರಲ್ಲೇ ಉತ್ತರ ಇತ್ತು ಎಂದಾಯಿತು. ಮೂರು ಕಥಾಚಿತ್ರಗಳಲ್ಲಿ ಕೆಲಸ ಮಾಡಿದವನಿಗೆ ಭವಿಷ್ಯನಿಧಿಯೂ ಅನ್ವಯಿಸುತ್ತಿತ್ತು. ಒಬ್ಬನೇ ನಿರ್ಮಾಪಕನ ಬಳಿ ಇರಬೇಕೆಂದೂ ಇರಲಿಲ್ಲ.

ಹಾಗಾದರೆ ಆ ಕಾಯಿದೆ ಊರೂರಿಗೆ ಏಕೆ ಬರಲಿಲ್ಲ? ಒಂದು, ಮೊದಲಿಗೆ ಅದು ತಿಂಗಳಿಗೆ 1,600 ರೂಪಾಯಿ, ಇಲ್ಲವೇ ಇಡಿಗಂಟು 15,000 ರೂಪಾಯಿ ಮೀರದವರಿಗೆ ಎಂದಿತ್ತು. ರೂಪಾಯಿ ಇಳಿದಷ್ಟೂ ಇಂಥ ಮಿತಿಯೊಳಗೆ ನಿಲ್ಲುವವರು ಕಡಿಮೆಯಾಗುತ್ತಾರೆ. ಎರಡು, ಅದು ಕಥಾಚಿತ್ರಕ್ಕೆ ಮಾತ್ರ. ಸೀರಿಯಲ್ಲು ಬಂತು, ಆಮೇಲೆ ಮೊಬೈಲಿನಲ್ಲಿ ನೋಡುವ ಸರಣಿ ಬಂತು. ಕಾಯಿದೆ ಮಾತ್ರ ಇದ್ದಲ್ಲೇ ಇತ್ತು. ಮೂರು, ಕೇಳುವವರು ಇರಲಿಲ್ಲ. ಕರಾರು ಕೇಳಿದ ಹುಡುಗನಿಗೆ ಮುಂದಿನ ಚಿತ್ರಕ್ಕೆ ಫೋನು ಬರುವುದಿಲ್ಲ ಎಂಬ ಭಯ.

ಈಗಿನ ಸಂಹಿತೆ ಈ ಕಾಯಿದೆಯನ್ನು ನುಂಗಿಕೊಂಡು ಅದರ ಹರಹನ್ನು ಹೆಚ್ಚಿಸಿದೆ. 'ಸಿನಿಮಾ ಕೆಲಸಗಾರ' ಹೋಗಿ 'ಶ್ರವ್ಯ ದೃಶ್ಯ ಕೆಲಸಗಾರ' ಬಂದಿದ್ದಾನೆ. ಡಬ್ಬಿಂಗ್‌ನವರು, ಸಾಹಸದವರು, ವೆಬ್ ಸರಣಿಯವರು ಎಲ್ಲ ಒಳಗೆ. ಏನು ಕೆಲಸ, ಎಷ್ಟು ಕೂಲಿ, ಎಷ್ಟು ಗಂಟೆ, ಸುರಕ್ಷತೆ ಏನು, ಸೌಕರ್ಯ ಏನು, ಇಷ್ಟೂ ಕರಾರಿನಲ್ಲಿ ಇರಬೇಕು. ಸಂಘದ ಕಾರ್ಡು ಇದ್ದವನಿಗೆ ಮಾತ್ರ ಎಂದಿಲ್ಲ. ಊರಿನಲ್ಲೇ ಹತ್ತು ದಿನಕ್ಕೆ ಹಿಡಿದ ಹುಡುಗನಿಗೂ ಕರಾರು ಬೇಕು.

ಅಮೆರಿಕದವರು ಮೆಟ್ಟಿಲು ಕಟ್ಟಿದ್ದಾರೆ

ಸಣ್ಣ ಚಿತ್ರಕ್ಕೆ ರಿಯಾಯಿತಿ ಕೊಡುವುದನ್ನೇ ಕಾಗದಕ್ಕೆ ಇಳಿಸಿದವರು ಅಮೆರಿಕದವರು. ಅಲ್ಲಿ ತೆರೆಯ ಹಿಂದಿನ ಕೆಲಸಗಾರರ ದೊಡ್ಡ ಸಂಘ ಐಯಾಟ್ಸಿ. 1893ರಲ್ಲಿ ನಾಟಕದ ರಂಗ ಕೆಲಸಗಾರರು ಕಟ್ಟಿದ್ದು. ನಟನಟಿಯರ ಸಂಘ ಸ್ಯಾಗ್ ಆಫ್ಟ್ರಾ. ದೊಡ್ಡ ಸ್ಟುಡಿಯೋಗಳಿಗೆ ಇವರದು ಒಂದು ಒಪ್ಪಂದ, ಸಣ್ಣ ಚಿತ್ರಗಳಿಗೆ ಬೇರೆಯೇ ಒಪ್ಪಂದ.

ಸಣ್ಣ ಚಿತ್ರದ್ದು ಮೆಟ್ಟಿಲು ಲೆಕ್ಕ. ಚಿತ್ರದ ಒಟ್ಟು ಖರ್ಚು ಇಷ್ಟರೊಳಗಿದ್ದರೆ ಕೂಲಿ ಇಷ್ಟು, ಅದಕ್ಕಿಂತ ಮೇಲೆ ಹೋದರೆ ಕೂಲಿ ಅಷ್ಟು. ನಟರ ಸಂಘದ ಅಂಕಿ ನೋಡಿ. 2020ರಲ್ಲಿ ಪರಿಷ್ಕರಿಸಿದಂತೆ 3 ಲಕ್ಷ ಡಾಲರಿನೊಳಗಿನ ಚಿತ್ರ ಅತಿ ಸಣ್ಣದು, 7 ಲಕ್ಷದೊಳಗಿನದು ಅದರ ಮೇಲಿನ ಮೆಟ್ಟಿಲು, 20 ಲಕ್ಷದೊಳಗಿನದು ಇನ್ನೂ ಒಂದು ಮೆಟ್ಟಿಲು ಮೇಲೆ. ಕ್ಯಾಮೆರಾ, ಲೈಟಿನವರ ಸಂಘಕ್ಕೂ ಇಂಥದೇ ಮೆಟ್ಟಿಲುಗಳಿವೆ. ಅವುಗಳ ಮಿತಿ ಇನ್ನೂ ದೊಡ್ಡದು, ಲೆಕ್ಕ ನಡೆಯುವುದು ಹತ್ತಾರು ಲಕ್ಷ ಡಾಲರುಗಳಲ್ಲಿ.

ಈ ಏರ್ಪಾಡಿನಲ್ಲಿ ಗಮನಿಸಬೇಕಾದ್ದು ಮೂರು ಸಂಗತಿ.

ಒಂದು: ರಿಯಾಯಿತಿ ಬಯಸುವ ನಿರ್ಮಾಪಕ ಶೂಟಿಂಗಿಗೆ ಮುಂಚೆಯೇ ಖರ್ಚಿನ ಪಟ್ಟಿ ಸಂಘದ ಮುಂದೆ ಇಡಬೇಕು. "ಕಾಸಿಲ್ಲ ಸ್ವಾಮಿ" ಎಂದರೆ ಸಾಲದು, ಲೆಕ್ಕ ತೋರಿಸಬೇಕು. ಖರ್ಚು ಮಿತಿ ಮೀರಿತೋ, ರಿಯಾಯಿತಿ ಹೋಯಿತು.

ಎರಡು: ದಿನಗೂಲಿ ಇಳಿದರೂ ಕೆಲಸಗಾರನ ಆರೋಗ್ಯ ವಿಮೆಗೂ ಪಿಂಚಣಿಗೂ ನಿರ್ಮಾಪಕ ಕಟ್ಟಬೇಕಾದ ಪಾಲು ತಪ್ಪುವುದಿಲ್ಲ. ಇವತ್ತಿನ ಸಂಬಳದಲ್ಲಿ ಬಿಟ್ಟುಕೊಡಬಹುದು, ನಾಳಿನ ಆಸ್ಪತ್ರೆ ಖರ್ಚಿನಲ್ಲಿ ಬಿಟ್ಟುಕೊಡುವಂತಿಲ್ಲ.

ಮೂರು: ಹಣದ ಭದ್ರತೆ. ನಿರ್ಮಾಪಕ ಹೊಸಬನಾದರೆ, ನಂಬಿಕೆ ಸಾಲದಿದ್ದರೆ, ನಟರ ಸಂಘ ಮುಂಗಡ ಠೇವಣಿ ಇರಿಸಿಕೊಳ್ಳುತ್ತದೆ. ಕೂಲಿ ಎಲ್ಲ ಚುಕ್ತಾ ಆದ ಮೇಲೆ ಠೇವಣಿ ವಾಪಸು. ಬಾಡಿಗೆಗೆ ಅಂಗಡಿ ಕೊಡುವವರು ಅಡ್ವಾನ್ಸ್ ಹಿಡಿಯುವುದಿಲ್ಲವೇ? ಹಾಗೇ.

"ರಿಲೀಸ್ ಆದ ಮೇಲೆ ಕೊಡ್ತೀವಿ" ಎಂಬ ಮಾತಿಗೂ ಅಲ್ಲಿ ಜಾಗ ಇದೆ. ಆದರೆ 50,000 ಡಾಲರಿಗಿಂತ ಕಡಿಮೆ ಖರ್ಚಿನ ಕಿರುಚಿತ್ರದಂಥದ್ದಕ್ಕೆ, ಅದೂ ಕಾಗದದ ಮೇಲೆ. ಇಲ್ಲಿ ಬಾಯಲ್ಲೇ ಮುಗಿಯುವ ಮಾತು ಅಲ್ಲಿ ಸಾಲಪತ್ರವಾಗುತ್ತದೆ.

ಸಂಘ ಗಟ್ಟಿಯಾದರೆ ಸಣ್ಣ ಚಿತ್ರ ಸಾಯುತ್ತದೆ ಎಂಬ ಮಾತಿಗೆ ಅಲ್ಲಿಯದೇ ಒಂದು ಉತ್ತರ ಇದೆ. 2023ರಲ್ಲಿ ನಟರ ಸಂಘ 118 ದಿನ ಮುಷ್ಕರ ಹೂಡಿ ದೊಡ್ಡ ಸ್ಟುಡಿಯೋಗಳ ಬಾಗಿಲು ಮುಚ್ಚಿಸಿತು. ಆ ಹೊತ್ತಿನಲ್ಲೂ ಸ್ಟುಡಿಯೋಗಳ ನಂಟಿಲ್ಲದ ಸ್ವತಂತ್ರ ನಿರ್ಮಾಪಕರಿಗೆ ತಾತ್ಕಾಲಿಕ ಒಪ್ಪಂದಕ್ಕೆ ಸಹಿ ಹಾಕಿಸಿಕೊಂಡು ಶೂಟಿಂಗ್ ನಡೆಸಲು ಬಿಟ್ಟಿತು.

ಕಾಗದ ಇದ್ದೂ ಜೀವ ಹೋಯಿತು

ಅಮೆರಿಕದಲ್ಲಿ ಎಲ್ಲ ಸರಿ ಎಂದು ತಿಳಿದರೆ ಮೋಸ ಹೋದಂತೆ. 2021ರ ಅಕ್ಟೋಬರ್ 21ರಂದು ನ್ಯೂ ಮೆಕ್ಸಿಕೊ ರಾಜ್ಯದಲ್ಲಿ 'ರಸ್ಟ್' ಎಂಬ ಚಿತ್ರದ ಶೂಟಿಂಗ್ ನಡೆದಿತ್ತು. ಖರ್ಚು ಸುಮಾರು 70 ಲಕ್ಷ ಡಾಲರು. ಅಲ್ಲಿನ ಲೆಕ್ಕಕ್ಕೆ ಸಣ್ಣ ಚಿತ್ರ. ನಟ ಅಲೆಕ್ ಬಾಲ್ಡ್ವಿನ್ ಕೈಯಲ್ಲಿದ್ದ ಪಿಸ್ತೂಲಿನಿಂದ ನಿಜವಾದ ಗುಂಡು ಹಾರಿ ಛಾಯಾಗ್ರಾಹಕಿ ಹಲೀನಾ ಹಚಿನ್ಸ್ ಸತ್ತರು. ನಿರ್ದೇಶಕ ಜೋಯೆಲ್ ಸೌಜಾ ಗಾಯಗೊಂಡರು.

ಅದೇ ದಿನ ಬೆಳಿಗ್ಗೆ ಕ್ಯಾಮೆರಾ ವಿಭಾಗದ ಸಂಘದ ಸದಸ್ಯರು ಕೆಲವರು ಗಂಟುಮೂಟೆ ಕಟ್ಟಿ ಹೊರಟುಹೋಗಿದ್ದರು. ಹೊತ್ತುಗೊತ್ತಿಲ್ಲದ ದುಡಿಮೆ, ತಂಗಲು ದೂರದ ಊರು, ಸಂಬಳದ ತಕರಾರು, ಬಂದೂಕು ವಿಷಯದಲ್ಲಿ ಅಜಾಗರೂಕತೆ ಎಂಬುದು ಅವರ ದೂರು ಎಂದು ಆಗಲೇ ಪತ್ರಿಕೆಗಳು ಬರೆದವು. ಅವರ ಜಾಗಕ್ಕೆ ಬೇರೆಯವರನ್ನು ಕರೆಸಿ ಕೆಲಸ ಮುಂದುವರಿಸಲಾಯಿತು. ಮಧ್ಯಾಹ್ನ ಗುಂಡು ಹಾರಿತು.

ರಾಜ್ಯದ ಕಾರ್ಮಿಕ ಸುರಕ್ಷತಾ ಇಲಾಖೆ 2022ರಲ್ಲಿ ನಿರ್ಮಾಣ ಸಂಸ್ಥೆಗೆ 1,36,793 ಡಾಲರು ದಂಡ ಹಾಕಿತು. ಆ ಮೇಲೆ 1 ಲಕ್ಷ ಡಾಲರಿಗೆ ರಾಜಿಯಾಯಿತು. ಬಂದೂಕು ನೋಡಿಕೊಳ್ಳುತ್ತಿದ್ದ ಹನ್ನಾ ಗುಟಿಯೆರೆಜ್ ರೀಡ್‌ಗೆ 2024ರಲ್ಲಿ 18 ತಿಂಗಳ ಸೆರೆವಾಸ ಆಯಿತು. ಬಾಲ್ಡ್ವಿನ್ ಮೇಲಿನ ಮೊಕದ್ದಮೆಯನ್ನು ಅದೇ ವರ್ಷ ಜುಲೈನಲ್ಲಿ ನ್ಯಾಯಾಲಯ ವಜಾ ಮಾಡಿತು.

ಒಪ್ಪಂದ ಇತ್ತು, ಸಂಘ ಇತ್ತು. ಆದರೂ ಅವಸರ ಮತ್ತು ಉಳಿತಾಯ ಸೇರಿಕೊಂಡಾಗ ಸುರಕ್ಷತೆಯೇ ಮೊದಲು ಕೈಬಿಟ್ಟು ಹೋಗುತ್ತದೆ. ದೂರು ಹೇಳಿದವರ ಮಾತು ಕೇಳುವ ಬದಲು ಅವರ ಜಾಗಕ್ಕೆ ಬೇರೆಯವರನ್ನು ತರುವುದು ಸುಲಭವಾದರೆ ಯಾವ ಕಾಗದವೂ ಕಾಯುವುದಿಲ್ಲ.

ದೂರದ ಮಾತೇಕೆ? 2016ರ ನವೆಂಬರಿನಲ್ಲಿ ತಿಪ್ಪಗೊಂಡನಹಳ್ಳಿ ಜಲಾಶಯಕ್ಕೆ ಹೆಲಿಕಾಪ್ಟರಿನಿಂದ ಹಾರಿದ ಇಬ್ಬರು ಖಳನಟರು ಮೇಲೆ ಬರಲೇ ಇಲ್ಲ. 2021ರ ಆಗಸ್ಟಿನಲ್ಲಿ ಬಿಡದಿ ಬಳಿ ಹೊಡೆದಾಟದ ದೃಶ್ಯ ತೆಗೆಯುವಾಗ ವಿದ್ಯುತ್ ತಗುಲಿ ಸಾಹಸ ತಂಡದ ಯುವಕನೊಬ್ಬ ಸತ್ತ. ಬಿಡದಿ ಎಂದರೆ ಮಂಡ್ಯದ ಬಸ್ಸು ದಿನಾ ಹಾದುಹೋಗುವ ಊರು. ಕೆಲಸದ ವೇಳೆ ಅನಾಹುತವಾದರೆ ಮಾಲೀಕ ಪರಿಹಾರ ಕೊಡಬೇಕೆಂಬ ಕಾನೂನು ಈ ದೇಶದಲ್ಲಿ 1923ರಿಂದ ಇತ್ತು. ಈಗ ಅದು ಸಾಮಾಜಿಕ ಭದ್ರತಾ ಸಂಹಿತೆಯಲ್ಲಿ ಸೇರಿದೆ. ಆದರೆ ಸತ್ತವನು ಆ ದಿನ ಅಲ್ಲಿ ಯಾರ ಕೆಲಸಕ್ಕೆ ಬಂದಿದ್ದ ಎಂದು ತೋರಿಸಲು ಮನೆಯವರ ಕೈಯಲ್ಲಿ ಒಂದು ತುಂಡು ಕಾಗದವಾದರೂ ಬೇಡವೇ?

ಸಂಘದ ಮನೆಯೂ ತೊಳೆಯಬೇಕು

ಇಷ್ಟಾಗಿಯೂ ತಪ್ಪೆಲ್ಲ ನಿರ್ಮಾಪಕನ ತಲೆಗೆ ಕಟ್ಟುವಂತಿಲ್ಲ. ಕಾರ್ಡು ಇಲ್ಲದವನನ್ನು ಸೆಟ್ಟಿನಿಂದ ಇಳಿಸುವುದು, ಬೇಡದ ಜನರನ್ನು ಹೇರುವುದು, ಸದಸ್ಯತ್ವಕ್ಕೆ ದುಬಾರಿ ಶುಲ್ಕ ಕೇಳುವುದು, ಸಿನಿಮಾ ಸಂಘಗಳ ಮೇಲೆ ಇಂಥ ದೂರುಗಳು ಹಳೆಯವು. ಕೆಲವು ಕೋರ್ಟು ಕಚೇರಿಗಳಲ್ಲಿ ತೀರ್ಮಾನವೂ ಆಗಿವೆ.

ಮುಂಬಯಿಯ ಒಂದು ಸಂಘ ಹೆಂಗಸರಿಗೆ ಮೇಕಪ್ ಕಲಾವಿದೆ ಎಂದು ಕಾರ್ಡು ಕೊಡುತ್ತಿರಲಿಲ್ಲ. ಹೆಂಗಸಾದರೆ ಕೇಶಾಲಂಕಾರ ಮಾತ್ರ ಎಂಬ ಕಟ್ಟಳೆ. ಚಾರು ಖುರಾನಾ ಎಂಬ ಕಲಾವಿದೆ ಸುಪ್ರೀಂ ಕೋರ್ಟಿಗೆ ಹೋದರು. 2014ರ ನವೆಂಬರಿನಲ್ಲಿ ಕೋರ್ಟು ಆ ಕಟ್ಟಳೆಯನ್ನು ಕಿತ್ತೆಸೆಯಿತು.

2017ರಲ್ಲಿ ನಿರ್ಮಾಪಕ ವಿಪುಲ್ ಶಾ ಕೊಟ್ಟ ದೂರಿನ ಮೇಲೆ ಸ್ಪರ್ಧಾ ಆಯೋಗ ಇನ್ನೊಂದು ಆದೇಶ ಕೊಟ್ಟಿತು. ಒಕ್ಕೂಟದ ಸದಸ್ಯರನ್ನೇ ತೆಗೆದುಕೊಳ್ಳಬೇಕೆಂದು ನಿರ್ಮಾಪಕನ ಕೈಕಟ್ಟುವಂಥ ಷರತ್ತುಗಳು ಸ್ಪರ್ಧಾ ಕಾನೂನಿಗೆ ವಿರುದ್ಧ ಎಂದಿತು. ದಂಡ ಹಾಕಲಿಲ್ಲ, ಆದರೆ ನಿಲ್ಲಿಸಿ ಎಂದಿತು. ಸಂಘ ಕೂಲಿ ಕೇಳಬಹುದು, ಒಳ್ಳೆಯ ಕರಾರು ಕೇಳಬಹುದು. ಬೇರೆಯವನ ಅನ್ನಕ್ಕೆ ಅಡ್ಡ ನಿಲ್ಲುವಂತಿಲ್ಲ ಎಂಬುದು ಇವೆರಡರ ತಾತ್ಪರ್ಯ.

ಸಣ್ಣ ಚಿತ್ರದವರು ಸಂಘ ಎಂದರೆ ದೂರ ಓಡುವುದಕ್ಕೆ ಈ ಹೇರಿಕೆಯೂ ಒಂದು ಕಾರಣ. ಹಾಗೆ ಓಡಿದಾಗ ಸಂಘದ ರೇಟಿನ ಜತೆಗೆ ಸಂಘದ ರಕ್ಷಣೆಯೂ ಹೋಗುತ್ತದೆ. ನಷ್ಟ ತಟ್ಟುವುದು ಸಂಘಕ್ಕೂ ಅಲ್ಲ, ನಿರ್ಮಾಪಕನಿಗೂ ಅಲ್ಲ, ಮಧ್ಯೆ ನಿಂತ ಹುಡುಗನಿಗೆ. ಸಂಘವೇ ಮುಂದೆ ಬಂದು "ಇಷ್ಟರೊಳಗಿನ ಚಿತ್ರಕ್ಕೆ ಈ ರೇಟು, ಇಷ್ಟೇ ಜನ ಸಾಕು, ಆದರೆ ಗಂಟೆ, ವಿಮೆ, ಕಾಗದ ಈ ಮೂರರಲ್ಲಿ ಚೌಕಾಸಿ ಇಲ್ಲ" ಎಂದು ಬೋರ್ಡು ಹಾಕಿದರೆ ಓಡುವವರು ಅರ್ಧಕ್ಕರ್ಧ ನಿಂತಾರು.

ಅಂಗಡಿಯವರ ಪಾಡು ಏನು?

ಇಲ್ಲಿ ಒಂದು ಮಾತು ಬಿಡಿಸಿ ಹೇಳಬೇಕು. ಮೇಲಿನ ಕಾನೂನು ಇರುವುದು ಕೆಲಸಗಾರನಿಗೆ. ಊಟ ಕೊಟ್ಟ ಮೆಸ್ಸು, ರೂಮು ಕೊಟ್ಟ ಲಾಡ್ಜು, ಟೆಂಪೋ ಬಾಡಿಗೆ, ಶಾಮಿಯಾನ, ಹಾರ್ಡ್‌ವೇರ್ ಅಂಗಡಿಯ ಬಾಕಿ, ಇವೆಲ್ಲ ಸಾಮಾನ್ಯ ವ್ಯಾಪಾರದ ಸಾಲ. ಇವನ್ನು ವಸೂಲು ಮಾಡಲು ಕಾರ್ಮಿಕ ಅಧಿಕಾರಿಯ ಬಳಿ ಹೋದರೆ ಪ್ರಯೋಜನವಿಲ್ಲ. ಬಿಲ್ಲು ಇರಬೇಕು, ಅದರ ಮೇಲೆ ಸಹಿ ಇರಬೇಕು. ಸಹಿ ಮ್ಯಾನೇಜರನದಾದರೂ ಬಿಲ್ಲು ನಿರ್ಮಾಣ ಸಂಸ್ಥೆಯ ಹೆಸರಿನಲ್ಲಿ ಇರಬೇಕು. "ಸಿನಿಮಾದವರು" ಎಂದು ಚೀಟಿಯಲ್ಲಿ ಬರೆದಿಟ್ಟುಕೊಂಡರೆ ನಾಳೆ ಯಾವ ಸಿನಿಮಾದವರನ್ನು ಹುಡುಕುತ್ತೀರಿ?

ಕೆಲಸಗಾರರ ಕರಾರು ಕ್ರಮವಾಗಿ ನೋಂದಣಿಯಾಗಿದ್ದರೆ ಅಂಗಡಿಯವರಿಗೂ ಪರೋಕ್ಷ ಲಾಭ ಇದೆ. ಚಿತ್ರಕ್ಕೆ ನಿರ್ಮಾಪಕ ಯಾರು, ವಿಳಾಸ ಎಲ್ಲಿ ಎಂಬುದು ಸರ್ಕಾರದ ಕಡತದಲ್ಲಿ ಸಿಗುತ್ತದೆ. ಆಳಿಗೆ ಕರಾರು ಬರೆದುಕೊಡದವನು ಅಂಗಡಿಗೆ ಬಾಕಿ ತೀರಿಸುತ್ತಾನೆ ಎಂಬ ನಂಬಿಕೆ ಮೇಲೆ ಉದ್ರಿ ಕೊಡಬೇಕೇ ಬೇಡವೇ ಎಂಬುದನ್ನು ಅವರವರೇ ಯೋಚಿಸಿಕೊಳ್ಳಲಿ.

ಟಿಕೆಟು ಕೊಳ್ಳುವವರಿಗೂ ಇದರಲ್ಲಿ ಪಾಲು ಇದೆ. ಕರ್ನಾಟಕ ವಿಧಾನಮಂಡಲ 2024ರ ಜುಲೈನಲ್ಲಿ ಸಿನಿಮಾ ಮತ್ತು ಸಾಂಸ್ಕೃತಿಕ ಕಾರ್ಯಕರ್ತರ ಕ್ಷೇಮಾಭಿವೃದ್ಧಿ ಮಸೂದೆ ಪಾಸು ಮಾಡಿತು. ಸಿನಿಮಾ ಟಿಕೆಟಿನ ಮೇಲೆ, ಒಟಿಟಿ ಚಂದಾದ ಮೇಲೆ ನೂರಕ್ಕೆ 1ರಿಂದ 2ರವರೆಗೆ ಸೆಸ್ ಹಾಕಿ, ಆ ಹಣದಿಂದ ಕೆಲಸಗಾರರ ಕ್ಷೇಮ ನಿಧಿ ನಡೆಸುವುದು ಅದರ ಉದ್ದೇಶ. ಉದ್ದೇಶ ಒಳ್ಳೆಯದು. ಆದರೆ ನಿಧಿಯ ಫಲ ಪಡೆಯಬೇಕಾದರೆ ತಾನು ಸಿನಿಮಾ ಕೆಲಸಗಾರ ಎಂದು ಮೊದಲು ತೋರಿಸಬೇಕಲ್ಲ! ಹತ್ತು ಚಿತ್ರಕ್ಕೆ ದುಡಿದೂ ಒಂದು ಕರಾರು ಕೈಯಲ್ಲಿಲ್ಲದವನು ಏನು ತೋರಿಸಬೇಕು? ಸೆಟ್ಟಿನಲ್ಲಿ ಹೀರೋ ಜತೆ ತೆಗೆಸಿಕೊಂಡ ಫೋಟೋವನ್ನೇ?

ಆಗಬೇಕಾದ್ದೇನು?

ದೊಡ್ಡ ಯೋಜನೆ ಏನೂ ಬೇಡ. ಕೆಲಸ ಶುರುವಾಗುವ ಮುಂಚೆ ಕನ್ನಡದಲ್ಲಿ ಒಂದು ಹಾಳೆ. ಚಿತ್ರದ ಹೆಸರು, ನಿರ್ಮಾಪಕನ ಹೆಸರು ವಿಳಾಸ, ಕೆಲಸ ಯಾವುದು, ದಿನಕ್ಕೆ ಎಷ್ಟು ಹಣ, ಎಷ್ಟು ಗಂಟೆ, ಹೊತ್ತು ಮೀರಿದರೆ ಎಷ್ಟು, ಯಾವ ದಿನ ಬಟವಾಡೆ, ಏಟು ಬಿದ್ದರೆ ಯಾರ ಹೊಣೆ. ಎರಡು ಪ್ರತಿ, ಎರಡು ಸಹಿ. ಓದು ಬಾರದವನಿಗೆ ಓದಿ ಹೇಳಿ ಹೆಬ್ಬೆಟ್ಟು.

ಶೂಟಿಂಗಿಗೆ ಬರುವವರು ಜಾಗಕ್ಕೆ ತಕ್ಕಂತೆ ಪಂಚಾಯಿತಿ, ಪೊಲೀಸು, ಅರಣ್ಯ, ಪುರಾತತ್ವ ಇಲಾಖೆಯ ಅನುಮತಿ ಕೇಳುತ್ತಾರೆ. ಜಾಗ ಹಾಳಾಗಬಾರದು, ಸಂಚಾರಕ್ಕೆ ಅಡ್ಡಿಯಾಗಬಾರದು ಎಂದೆಲ್ಲ ಷರತ್ತು ಹಾಕುವ ಕಚೇರಿಗಳು "ಕೆಲಸಗಾರರ ಕರಾರು ನೋಂದಣಿ ಆಗಿದೆಯೇ?" ಎಂದು ಒಂದು ಸಾಲು ಜಾಸ್ತಿ ಕೇಳಿದರೆ ಏನು ಗಂಟು ಹೋಗುತ್ತದೆ? ಕಲ್ಲಿಗೆ ಇರುವ ರಕ್ಷಣೆ ಆ ಕಲ್ಲಿನ ಮುಂದೆ ಲೈಟು ಹಿಡಿದು ನಿಲ್ಲುವ ಹುಡುಗನಿಗೂ ಇರಲಿ.

ಸಬ್ಸಿಡಿ ಕೊಡುವ ಸರ್ಕಾರದ ಕೈಯಲ್ಲೂ ಲಗಾಮು ಇದೆ. ಜನರ ತೆರಿಗೆ ಹಣದಿಂದ ಪ್ರೋತ್ಸಾಹಧನ ಪಡೆಯುವ ಚಿತ್ರ, ಕೆಲಸಗಾರರಿಗೆ ಕೂಲಿ ಚುಕ್ತಾ ಮಾಡಿದ್ದಕ್ಕೆ ರಸೀದಿ ಹಾಜರುಪಡಿಸಲಿ. ಪ್ರಾಮಾಣಿಕ ಸಣ್ಣ ನಿರ್ಮಾಪಕನಿಗೆ ಇದರಿಂದ ತೊಂದರೆಯಿಲ್ಲ. ಕೂಲಿ ಮುಳುಗಿಸಿ ಅಗ್ಗದಲ್ಲಿ ಚಿತ್ರ ಮುಗಿಸುವವನ ಜತೆ ಅವನು ಪೈಪೋಟಿ ಮಾಡಬೇಕಾದ ಕಷ್ಟ ತಪ್ಪುತ್ತದೆ.

ಊರಿನ ಹುಡುಗರಿಗೂ ಒಂದು ಮಾತು. ಸಿನಿಮಾ ಎಂದರೆ ಆಸೆ ಇರುವುದು ತಪ್ಪಲ್ಲ. ಕಡಿಮೆ ಕೂಲಿಗೆ ಒಪ್ಪುವುದೂ ತಪ್ಪಲ್ಲ. ಒಳ್ಳೆಯ ಚಿತ್ರವೆಂದು ಮನಸ್ಸಿಗೆ ಬಂದರೆ ಅರ್ಧ ಕೂಲಿಗೆ ದುಡಿಯಿರಿ, ಅದು ನಿಮ್ಮ ಇಷ್ಟ. ಆದರೆ ಆ ಅರ್ಧ ಎಷ್ಟು, ಎಷ್ಟು ಗಂಟೆಗೆ, ಯಾವ ದಿನ ಕೈಗೆ ಬರುತ್ತದೆ ಎಂಬುದನ್ನು ಟೆಂಪೋ ಹತ್ತುವ ಮುಂಚೆ ಬರೆಸಿಕೊಳ್ಳಿ. ಕರಾರು ಕೇಳಿದ್ದಕ್ಕೆ ಸಿಟ್ಟಾಗುವ ಮ್ಯಾನೇಜರು, ಕೂಲಿ ಕೇಳಿದಾಗ ಇನ್ನೆಷ್ಟು ಸಿಟ್ಟಾದಾನು!